ಬೆಳಿಗ್ಗೆ ಕೀಟೋನ್ 0.4, ಸಂಜೆ 1.3: ಯಾವುದನ್ನು ನಂಬುವುದು?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ಪಿಷ್ಟ ಮತ್ತು ಸಕ್ಕರೆಯನ್ನು ಬಹಳ ಮಟ್ಟಿಗೆ ಬಿಟ್ಟು ಕೆಲವು ವಾರಗಳಾದವು. ನನಗೆ ಮಧುಮೇಹವಿಲ್ಲ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ. ಹಿಂದಿನ ತಪಾಸಣೆಯಲ್ಲಿ ಸಕ್ಕರೆ ಗಡಿರೇಖೆಗೆ ಬಂದಿದೆ ಎಂದು ವೈದ್ಯರು ಹೇಳಿದ್ದರಿಂದ ಈ ಪಥ್ಯ ಹಿಡಿದೆ. ಪಿಷ್ಟ ಬಿಟ್ಟಾಗ ದೇಹ ಕೊಬ್ಬನ್ನು ಉರಿಸಿ ತಯಾರಿಸುವ ವಸ್ತುವೇ ಕೀಟೋನ್. ಗ್ಲೂಕೋಸ್ ಪಟ್ಟಿಯನ್ನೂ (ಟೆಸ್ಟ್ ಸ್ಟ್ರಿಪ್) ಕೀಟೋನ್ ಪಟ್ಟಿಯನ್ನೂ ಒಂದೇ ಯಂತ್ರದಲ್ಲಿ ಹಾಕಿ ನೋಡಬಹುದಾದ ಮೀಟರ್ ಮನೆಯಲ್ಲಿದೆ.

ನಿನ್ನೆಯ ಅಂಕಿಗಳು ಹೀಗಿವೆ (ಗ್ಲೂಕೋಸ್ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಕೀಟೋನ್ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ). ಬೆಳಿಗ್ಗೆ ಎದ್ದ ಕೂಡಲೇ ಗ್ಲೂಕೋಸ್ 104, ಕೀಟೋನ್ 0.4. ಸಂಜೆ ಊಟಕ್ಕೆ ಮೊದಲು ಗ್ಲೂಕೋಸ್ 88, ಕೀಟೋನ್ 1.3. ಬೆಳಗಿನ 104 ನೋಡಿ ಅನುಮಾನ ಬಂದು ಅದೇ ಬೆರಳಿನಿಂದ ಮತ್ತೊಮ್ಮೆ ನೋಡಿದರೆ 93 ಬಂತು. ರಾತ್ರಿಯಿಡೀ ಏನೂ ತಿನ್ನದೆ ಎದ್ದಾಗಲೇ ಕೀಟೋನ್ ಹೆಚ್ಚಿರಬೇಕಲ್ಲವೇ? ನನ್ನಲ್ಲಿ ಎಲ್ಲವೂ ತಲೆಕೆಳಗಾಗಿದೆ. ಮೀಟರ್ ಕೆಟ್ಟಿದೆಯೇ, ಪಥ್ಯ ಹಿಡಿಯುತ್ತಿಲ್ಲವೇ?

ರಕ್ತಬಿಂದು

ಎರಡೂ ಅಲ್ಲ. ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಆದ್ದರಿಂದ ಮೀಟರಿನಿಂದಲೇ ಶುರು ಮಾಡುತ್ತೇನೆ.

ಮನೆಯ ಗ್ಲೂಕೋಸ್ ಮೀಟರುಗಳಿಗೆ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2013ರ ಆವೃತ್ತಿಯ ಪ್ರಕಾರ, ಗ್ಲೂಕೋಸ್ 100ಕ್ಕಿಂತ ಕಡಿಮೆಯಿದ್ದಾಗ ಶೇಕಡಾ 95 ಅಳತೆಗಳು ಪ್ರಯೋಗಾಲಯದ ಅಂಕಿಗಿಂತ 15 ಮಿಲಿಗ್ರಾಂ ಆಚೀಚೆಯ ಒಳಗಿದ್ದರೆ ಸಾಕು. 100 ಮತ್ತು ಅದಕ್ಕಿಂತ ಮೇಲಿದ್ದರೆ ಶೇಕಡಾ 15ರಷ್ಟು ಆಚೀಚೆ. ಅಂದರೆ ನಿಮ್ಮ ನಿಜವಾದ ಗ್ಲೂಕೋಸ್ 98 ಇದ್ದರೆ 104 ತೋರಿಸಿದ ಮೀಟರೂ ಸರಿ, 93 ತೋರಿಸಿದ ಮೀಟರೂ ಸರಿ. ಈ ಅಂತರವನ್ನು ಒಪ್ಪಿಕೊಂಡೇ ಮೀಟರ್ ಬಳಸಬೇಕು. ಒಂದು ಅಂಕಿಯನ್ನು ಹಿಡಿದು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಆದರೆ ನಮ್ಮ ಕೈಯಿಂದ ಸೇರುವ ವ್ಯತ್ಯಾಸವನ್ನು ತೆಗೆದುಹಾಕಬಹುದು. ಬೆಚ್ಚಗಿನ ನೀರು, ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿ. ಹಣ್ಣು ಸುಲಿದ ಬೆರಳಿನಲ್ಲಿ ಅಂಟಿರುವ ರಸ ಕಣ್ಣಿಗೆ ಕಾಣುವುದಿಲ್ಲ, ಪಟ್ಟಿಗೆ ಮಾತ್ರ ಅದು ಸಕ್ಕರೆಯೇ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಅದು ಪೂರ್ತಿ ಹೋಗುತ್ತದೆ ಎಂದು ನಂಬುವಂತಿಲ್ಲ, ತೊಳೆಯಲೇಬೇಕು. ಒದ್ದೆ ಬೆರಳಾದರೆ ನೀರು ಬೆರೆತು ಅಂಕಿ ಇಳಿಯುತ್ತದೆ.

ಆಮೇಲೆ ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಬೆರಳ ತುದಿಯ ಮೆತ್ತನೆಯ ಭಾಗಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ಹನಿ ತಾನಾಗಿ ದುಂಡಗೆ ಮೂಡಬೇಕು. ಮೂಡದಿದ್ದರೆ ಬೆರಳ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ನೀವಿ, ತುದಿಯನ್ನೇ ಹಿಡಿದು ಹಿಂಡಬೇಡಿ. ಹಿಂಡಿದರೆ ಅಂಗಾಂಶದ ನೀರೂ ಸೇರಿ ರಕ್ತ ತೆಳುವಾಗುತ್ತದೆ. ಪಟ್ಟಿಯ ಅಂಚನ್ನು ಹನಿಗೆ ತಾಗಿಸಿದರೆ ಸಾಕು, ಅದೇ ಹೀರಿಕೊಳ್ಳುತ್ತದೆ. ಕೀಟೋನ್ ಪಟ್ಟಿಗೆ ಸಾಮಾನ್ಯವಾಗಿ ಸ್ವಲ್ಪ ದೊಡ್ಡ ಹನಿ ಬೇಕು. ಎರಡನ್ನೂ ನೋಡುವುದಾದರೆ ಕೀಟೋನ್ ಪಟ್ಟಿಯ ಹೊದಿಕೆಯನ್ನು ಮೊದಲೇ ಹರಿದಿಟ್ಟುಕೊಂಡರೆ ಒಂದೇ ಚುಚ್ಚಿನಲ್ಲಿ ಕೆಲಸ ಮುಗಿಯುತ್ತದೆ.

ರಕ್ತಹೀನತೆ ಇದ್ದವರಲ್ಲಿ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಸಿ ತೆಗೆದುಕೊಳ್ಳುವವರಲ್ಲೂ ಕೆಲವು ಮೀಟರುಗಳು ಹೀಗೆ ಮಾಡುತ್ತವೆ. ಪಟ್ಟಿಯ ಜೊತೆ ಬರುವ ಕಾಗದದಲ್ಲಿ ಇದು ಬರೆದಿರುತ್ತದೆ, ದಯವಿಟ್ಟು ಓದಿ.

ಲೆಕ್ಕದ ಪುಸ್ತಕ

ರಕ್ತಬಿಂದು ಅವರು ಹೇಳಿದ ಮೇಲೆ ತಂತ್ರದ ಬಗ್ಗೆ ನಾನು ಸೇರಿಸುವುದು ಏನೂ ಇಲ್ಲ. ಸಮಯದ ಬಗ್ಗೆ ಹೇಳುತ್ತೇನೆ.

ಹೊಸಹೆಜ್ಜೆ ಅವರೇ, ಗ್ಲೂಕೋಸ್ ಕೀಟೋನ್ ಸೂಚ್ಯಂಕ ಎಂಬ ಲೆಕ್ಕವನ್ನು ನೀವು ಎಲ್ಲಾದರೂ ಓದಿರಬಹುದು. ಗ್ಲೂಕೋಸನ್ನು 18ರಿಂದ ಭಾಗಿಸಿದರೆ ಮಿಲಿಮೋಲ್ ಲೆಕ್ಕ ಸಿಗುತ್ತದೆ, ಅದನ್ನು ಕೀಟೋನಿನಿಂದ ಭಾಗಿಸಿದರೆ ಸೂಚ್ಯಂಕ. ಅದು ಕಡಿಮೆಯಾದಷ್ಟೂ ಗ್ಲೂಕೋಸಿಗೆ ಹೋಲಿಸಿದರೆ ಕೀಟೋನ್ ಹೆಚ್ಚು ಎಂದರ್ಥ. ನಿಮ್ಮ ಬೆಳಗಿನ ಲೆಕ್ಕ: 104 ಭಾಗಿಸು 18 ಅಂದರೆ 5.8, ಅದನ್ನು 0.4ರಿಂದ ಭಾಗಿಸಿದರೆ ಸುಮಾರು 14. ಸಂಜೆಯದು: 88 ಭಾಗಿಸು 18 ಅಂದರೆ 4.9, ಅದನ್ನು 1.3ರಿಂದ ಭಾಗಿಸಿದರೆ ಸುಮಾರು 4. ಮನುಷ್ಯ ಒಬ್ಬನೇ, ದಿನ ಒಂದೇ, ಪಥ್ಯ ಒಂದೇ. ಬೆಳಗಿನ ಅಂಕಿ ನೋಡಿದವರು ಪಥ್ಯ ವಿಫಲ ಎನ್ನುತ್ತಾರೆ, ಸಂಜೆಯದನ್ನು ನೋಡಿದವರು ಅದ್ಭುತ ಎನ್ನುತ್ತಾರೆ. ಇಬ್ಬರೂ ಅವಸರ ಪಟ್ಟವರೇ.

ಅಂದಹಾಗೆ, ಈ ಸೂಚ್ಯಂಕವನ್ನು ಕ್ಯಾನ್ಸರ್ ಸಂಶೋಧಕ ಥಾಮಸ್ ಸೈಫ್ರೀಡ್ ಅವರ ತಂಡ 2015ರಲ್ಲಿ ಮುಂದಿಟ್ಟದ್ದು ಮಿದುಳಿನ ಗೆಡ್ಡೆಗೆ ಆಹಾರ ಚಿಕಿತ್ಸೆ ಪಡೆಯುವವರನ್ನು ಗಮನಿಸುವುದಕ್ಕೆ. ತೂಕ ಇಳಿಸುವವರು ಅದನ್ನು ಎರವಲು ತಂದುಕೊಂಡರು.

ಆದ್ದರಿಂದ ದಿನದ ಒಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಅಂಕಿಯ ಪಕ್ಕದಲ್ಲಿ ನಾಲ್ಕು ಪದ ಬರೆಯಿರಿ: ಕೊನೆಯ ಊಟ ಯಾವಾಗ, ನಿದ್ದೆ ಹೇಗಿತ್ತು, ವ್ಯಾಯಾಮ ಮಾಡಿದಿರಾ, ಜ್ವರ ನೆಗಡಿ ಏನಾದರೂ ಇದೆಯೇ. ಹೊತ್ತು ಗೊತ್ತಿಲ್ಲದ ಅಂಕಿಯನ್ನು ನಾನು ಪುಸ್ತಕದಲ್ಲಿ ಸೇರಿಸುವುದೇ ಇಲ್ಲ.

ಸರಳ ದಾರಿ

ನನ್ನ ಅಭಿಪ್ರಾಯ ಬೇರೆ. ಮಧುಮೇಹವಿಲ್ಲದವರು ಕೀಟೋನ್ ನೋಡುವ ಅಗತ್ಯವೇ ಇಲ್ಲ. ಸೊಂಟದ ಸುತ್ತಳತೆ, ಕೆಲವು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಕೆಂಪು ರಕ್ತಕಣದಲ್ಲಿ ಅಂಟಿದ ಸಕ್ಕರೆಯನ್ನು ಅಳೆಯುವ ಪರೀಕ್ಷೆ), ರಕ್ತದೊತ್ತಡ, ಇಷ್ಟು ಸಾಕು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುತ್ತದೆ, ಬೆಳಿಗ್ಗೆ ಸಂಜೆಯ ಗಲಿಬಿಲಿ ಅದಕ್ಕಿಲ್ಲ.

ಕೀಟೋನ್ ಹೆಚ್ಚಿದಷ್ಟೂ ಕೊಬ್ಬು ಹೆಚ್ಚು ಕರಗುತ್ತಿದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಪಿತ್ತಜನಕಾಂಗ ಬೇಗನೆ ಕೀಟೋನ್ ಮಾಡಿಬಿಡುವ ಎಂಸಿಟಿ ಎಂಬ ಬಗೆಯ ಎಣ್ಣೆ ಕುಡಿದರೆ ಕೀಟೋನ್ ಏರುತ್ತದೆ. ಕರಗಿದ್ದು ಕುಡಿದ ಎಣ್ಣೆ, ಹೊಟ್ಟೆಯ ಕೊಬ್ಬಲ್ಲ. ಕೀಟೋನ್ ಪುಡಿಯನ್ನೇ ನೀರಿಗೆ ಹಾಕಿ ಕುಡಿದರಂತೂ ಏರುವುದು ಖಚಿತ. ಅಂಕಿ ಏರಿಸುವುದಕ್ಕೆಂದು ಊಟದ ಮೇಲೆ ಊಟ ಬೆಣ್ಣೆ ಸೇರಿಸಿಕೊಂಡು, ತೂಕ ಯಾಕೆ ಇಳಿಯುತ್ತಿಲ್ಲ ಎಂದು ಕೇಳುವವರನ್ನು ನೋಡಿ ನನಗೆ ಸಂಕಟವಾಗುತ್ತದೆ.

ಮಿತವ್ಯಯಿ

ನಡುವೆ ಒಂದು ಪ್ರಶ್ನೆ. ರಕ್ತದ ಕೀಟೋನ್ ಪಟ್ಟಿ ದುಬಾರಿ. ಮೂತ್ರದ ಪಟ್ಟಿ ಸಾಲದೇ? ಮೊದಲ ವಾರಗಳಲ್ಲಿ ಅದು ಕಡು ನೇರಳೆಗೆ ತಿರುಗುತ್ತಿತ್ತು, ಈಗ ತಿಳಿ ಗುಲಾಬಿ ದಾಟುತ್ತಿಲ್ಲ. ಊಟದಲ್ಲಿ ಏನೂ ಬದಲಾಗಿಲ್ಲ.

ರಕ್ತಬಿಂದು

ಮಿತವ್ಯಯಿ ಅವರೇ, ಎರಡೂ ಪಟ್ಟಿಗಳು ಅಳೆಯುವ ವಸ್ತುವೇ ಬೇರೆ. ಪಿತ್ತಜನಕಾಂಗ ಕೊಬ್ಬಿನಾಮ್ಲದಿಂದ ಅಸಿಟೋಅಸಿಟೇಟ್ ತಯಾರಿಸುತ್ತದೆ, ಅದರ ದೊಡ್ಡ ಪಾಲು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಆಗಿ ರಕ್ತದಲ್ಲಿ ಓಡಾಡುತ್ತದೆ, ಒಂದಿಷ್ಟು ಅಸಿಟೋನ್ ಆಗಿ ಉಸಿರಿನಲ್ಲಿ ಹೋಗುತ್ತದೆ. ರಕ್ತದ ಮೀಟರ್ ಎರಡನೆಯದನ್ನು ಅಳೆಯುತ್ತದೆ. ಮೂತ್ರದ ಪಟ್ಟಿ ಮೊದಲನೆಯದನ್ನು ಮಾತ್ರ, ಅದೂ ಮೂತ್ರಪಿಂಡ ಹೊರಗೆ ಚೆಲ್ಲಿದ್ದನ್ನು, ಕಳೆದ ಕೆಲವು ಗಂಟೆಗಳದ್ದನ್ನು. ಹೆಚ್ಚು ನೀರು ಕುಡಿದರೆ ಬಣ್ಣ ತಿಳಿಯಾಗುತ್ತದೆ. ದೇಹ ಈ ಪಥ್ಯಕ್ಕೆ ಒಗ್ಗಿದ ಮೇಲೆ ಚೆಲ್ಲುವುದೂ ಕಡಿಮೆಯಾಗುತ್ತದೆ. ಪಥ್ಯ ಶುರುವಿನಲ್ಲಿ ಕೀಟೋನ್ ಬಂತೇ ಇಲ್ಲವೇ ಎಂದು ತಿಳಿಯಲು ಮೂತ್ರದ ಪಟ್ಟಿ ಸಾಕು. ಎಷ್ಟು ಎಂದು ತಿಳಿಯಬೇಕಾದಾಗ ಸಾಲದು.

ಹೊಸಹೆಜ್ಜೆ ಅವರ ಬೆಳಗಿನ ಪ್ರಶ್ನೆ ಹಾಗೆಯೇ ಉಳಿದಿದೆ. ಬೆಳಗಿನ ಜಾವ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಮುಂತಾದವು ಏರಿ, ದೇಹವನ್ನು ಎಚ್ಚರಕ್ಕೆ ಸಿದ್ಧ ಮಾಡಲು ಪಿತ್ತಜನಕಾಂಗದಿಂದ ಗ್ಲೂಕೋಸ್ ಬಿಡಿಸುತ್ತವೆ. ಊಟವಿಲ್ಲದಿದ್ದರೂ ಸಕ್ಕರೆ ಏರುವುದು ಇದರಿಂದಲೇ. ಅನೇಕರಲ್ಲಿ ಕೀಟೋನ್ ಆ ಹೊತ್ತಿಗೆ ಕಡಿಮೆ ಇದ್ದು, ಮಧ್ಯಾಹ್ನ ದಾಟಿದ ಮೇಲೆ ಏರುತ್ತದೆ. ನಿಮ್ಮ ಅಂಕಿಗಳು ತಲೆಕೆಳಗಾಗಿಲ್ಲ.

ಇನ್ನೊಂದು ಮಾತು. ಪಿಷ್ಟ ಕಡಿಮೆ ತಿನ್ನುವವರಲ್ಲಿ ಸ್ನಾಯುಗಳು ಕೊಬ್ಬನ್ನೇ ಉರಿಸಲು ಒಗ್ಗಿಕೊಂಡು ಗ್ಲೂಕೋಸನ್ನು ಮಿದುಳಿಗಾಗಿ ಉಳಿಸುತ್ತವೆ. ಹಾಗಾಗಿ ಖಾಲಿ ಹೊಟ್ಟೆಯ ಗ್ಲೂಕೋಸ್ ಕೆಲವರಲ್ಲಿ ತುಸು ಏರಿ ನಿಲ್ಲುತ್ತದೆ, ಊಟದ ನಂತರದ್ದು ಮಾತ್ರ ತಗ್ಗಿರುತ್ತದೆ. ಇದೇ ಕಾರಣಕ್ಕೆ, ವೈದ್ಯರು ಗ್ಲೂಕೋಸ್ ಕುಡಿಸಿ ಮಾಡುವ ಸಹಿಷ್ಣುತಾ ಪರೀಕ್ಷೆ ಬರೆದುಕೊಟ್ಟರೆ, ನೀವು ಈ ಪಥ್ಯದಲ್ಲಿರುವುದನ್ನು ಮೊದಲೇ ಹೇಳಿ. ಆ ಪರೀಕ್ಷೆಗೆ ಮುಂಚಿನ ಮೂರು ದಿನ ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬೋಹೈಡ್ರೇಟ್ ತಿಂದಿರಬೇಕು ಎಂಬ ನಿಯಮವಿದೆ. ಇಲ್ಲದಿದ್ದರೆ ಇಲ್ಲದ ಕಾಯಿಲೆಯೂ ಇದ್ದಂತೆ ಕಾಣಬಹುದು. ಹಾಗೆಂದು ಖಾಲಿ ಹೊಟ್ಟೆಯ ಅಂಕಿ ಮತ್ತೆ ಮತ್ತೆ 126 ಮುಟ್ಟುತ್ತಿದ್ದರೆ ಪಥ್ಯದ ಕಾರಣ ಹೇಳಿಕೊಂಡು ಸುಮ್ಮನೆ ಕೂರಬೇಡಿ, ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ವೈದ್ಯರಿಗೆ ತೋರಿಸಿ.

ಲೆಕ್ಕದ ಪುಸ್ತಕ

ಸರಳ ದಾರಿ ಅವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಅಂಕಿ ಏರಿಸುವುದನ್ನೇ ಗುರಿ ಮಾಡಿಕೊಂಡರೆ ದಾರಿ ತಪ್ಪುತ್ತದೆ. ಆದರೆ ಮನೆಯಲ್ಲಿ ಅಳೆಯುವುದೇ ವ್ಯರ್ಥ ಎನ್ನುವುದನ್ನು ಒಪ್ಪಲಾರೆ.

ರಿಚರ್ಡ್ ಬರ್ನ್‌ಸ್ಟೀನ್ ಎಂಬ ಅಮೆರಿಕದ ಎಂಜಿನಿಯರ್ ಒಬ್ಬರಿದ್ದರು. ಬಾಲ್ಯದಿಂದಲೇ ಮೊದಲನೇ ಬಗೆಯ ಮಧುಮೇಹ. 1969ರ ಸುಮಾರಿಗೆ ಗ್ಲೂಕೋಸ್ ಮೀಟರ್ ಬಂದಾಗ ಅದನ್ನು ರೋಗಿಗಳಿಗೆ ಮಾರುತ್ತಿರಲಿಲ್ಲ. ಅವರ ಪತ್ನಿ ವೈದ್ಯೆಯಾಗಿದ್ದರಿಂದ ಪತ್ನಿಯ ಹೆಸರಿನಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ರಕ್ತ ನೋಡಿ, ಯಾವ ಊಟ ಸಕ್ಕರೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಬರೆದಿಟ್ಟು, ಕಾರ್ಬೋಹೈಡ್ರೇಟ್ ಇಳಿಸಿ ಇನ್ಸುಲಿನ್ ಹೊಂದಿಸಿಕೊಂಡರು. ಎಂಜಿನಿಯರ್ ಮಾತನ್ನು ವೈದ್ಯಲೋಕ ಕಿವಿಗೆ ಹಾಕಿಕೊಳ್ಳದಿದ್ದಾಗ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ ತಾವೇ ವೈದ್ಯರಾದರು. ಅವರು ಪ್ರತಿ ಅಂಕಿಯನ್ನೂ ನೋಡಿ ಏನನ್ನಾದರೂ ಬದಲಾಯಿಸುತ್ತಿದ್ದರು. ನಾವು ಕಲಿಯಬೇಕಾದದ್ದು ಅದನ್ನು.

ಊಟಕ್ಕೆ ಮೊದಲು ಒಮ್ಮೆ, ಊಟ ಶುರು ಮಾಡಿ ಎರಡು ಗಂಟೆಗೆ ಒಮ್ಮೆ ಗ್ಲೂಕೋಸ್ ನೋಡಿ. ಯಾವ ಪದಾರ್ಥ ನಿಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಆ ಜೋಡಿ ಹೇಳುತ್ತದೆ.

ಅಣ್ಣನ ತಮ್ಮ

ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ನನ್ನ ಅಣ್ಣನಿಗೆ ಎರಡನೇ ಬಗೆಯ ಮಧುಮೇಹ, ಮಾತ್ರೆ ತೆಗೆದುಕೊಳ್ಳುತ್ತಾನೆ. ಇತ್ತೀಚೆಗೆ ಈ ಪಥ್ಯ ಶುರು ಮಾಡಿದ. ನಿನ್ನೆಯಿಂದ ವಾಕರಿಕೆ, ಊಟ ಸೇರುತ್ತಿಲ್ಲ, ಬೆಳಿಗ್ಗೆ ಎರಡು ಸಲ ವಾಂತಿಯಾಯಿತು. ಈಗ ಮೀಟರಿನಲ್ಲಿ ಗ್ಲೂಕೋಸ್ 142, ಕೀಟೋನ್ 3.4. ಸಕ್ಕರೆ ಚೆನ್ನಾಗಿಯೇ ಇದೆ, ಪಥ್ಯ ಹಿಡಿಯುವಾಗ ಹೀಗಾಗುತ್ತದೆ, ಉಪ್ಪುನೀರು ಕುಡಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾನೆ. ಹೌದೇ?

ರಾತ್ರಿಪಾಳಿ

ಇಲ್ಲ. ನಾನು ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿ. ಮಾತ್ರೆಗಳ ಹೆಸರು ಈಗಲೇ ನೋಡಿ. ದೊಡ್ಡ ಅಕ್ಷರದ ವ್ಯಾಪಾರಿ ಹೆಸರಲ್ಲ, ಕೆಳಗೆ ಸಣ್ಣದಾಗಿ ಬರೆದಿರುವ ಔಷಧದ ಹೆಸರು. ಅದರ ಕೊನೆಯಲ್ಲಿ ಗ್ಲಿಫ್ಲೋಜಿನ್ ಎಂದಿದೆಯೇ? ಉಸಿರಾಟ ಜೋರಾಗಿದೆಯೇ?

ಮಾತ್ರೆ ಯಾವುದೇ ಇರಲಿ, ಮಧುಮೇಹ ಇರುವವರಿಗೆ ಕೀಟೋನ್ 3 ದಾಟಿ ವಾಂತಿಯೂ ಆಗುತ್ತಿದ್ದರೆ ಆಸ್ಪತ್ರೆಗೆ ಹೊರಡಬೇಕು. ಉತ್ತರ ಬರೆಯುವುದಕ್ಕೆಂದು ನಿಲ್ಲಬೇಡಿ.

ಅಣ್ಣನ ತಮ್ಮ

ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್. ಉಸಿರು ಜೋರಾಗಿಯೇ ಇದೆ. ಹೊರಡುತ್ತಿದ್ದೇವೆ.

ರಾತ್ರಿಪಾಳಿ

ಮಾತ್ರೆಗಳನ್ನೂ ಮೀಟರನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಮೊದಲ ಮಾತಿಗೇ ಮೂರು ವಿಷಯ ಹೇಳಿ: ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ, ಪಿಷ್ಟ ಬಿಟ್ಟಿದ್ದಾರೆ, ರಕ್ತದ ಕೀಟೋನ್ 3.4 ಇದೆ. ಗ್ಲೂಕೋಸ್ 142 ನೋಡಿ ಯಾರಾದರೂ ಸಕ್ಕರೆ ಸರಿಯಿದೆ ಎಂದರೆ, ಕೀಟೋನನ್ನೂ ರಕ್ತದ ಆಮ್ಲೀಯತೆಯನ್ನೂ ನೋಡಿ ಎಂದು ಕೇಳಿ. ಸಂಕೋಚ ಬೇಡ. ನಿಮ್ಮ ಅಣ್ಣನೇ ವಾಹನ ಓಡಿಸದಿರಲಿ.

ಹೊಸಹೆಜ್ಜೆ

ಓದಿ ಗಾಬರಿಯಾಯಿತು. ಅವರ ಅಣ್ಣ ಬೇಗ ಗುಣವಾಗಲಿ. ಆದರೆ ನನಗೆ ಅರ್ಥವಾಗುತ್ತಿಲ್ಲ. ಇದೇ ಪಥ್ಯದಲ್ಲಿ 2, 3 ಬಂದರೆ ಒಳ್ಳೆಯದು ಎನ್ನುತ್ತಾರಲ್ಲ? 3.4ಕ್ಕೂ ಅದಕ್ಕೂ ಅಷ್ಟೇನು ದೂರ?

ರಕ್ತಬಿಂದು

ಅಂಕಿಯ ದೂರ ಕಡಿಮೆಯೇ. ಅಂಕಿಯ ಹಿಂದಿರುವ ದೇಹದ ಸ್ಥಿತಿ ಬೇರೆ.

ಪಥ್ಯದಿಂದ ಬರುವ ಕೀಟೋಸಿಸ್, ಅಂದರೆ ರಕ್ತದಲ್ಲಿ ಕೀಟೋನ್ ಏರಿರುವ ಸ್ಥಿತಿ, ಸಾಮಾನ್ಯವಾಗಿ 0.5ರಿಂದ 3ರವರೆಗೆ. ನಿಮ್ಮಂತೆ ಇನ್ಸುಲಿನ್ ತಾನಾಗಿ ಸ್ರವಿಸುವ ದೇಹದಲ್ಲಿ ಕೀಟೋನ್ ಏರಿದಾಗ ಆ ಇನ್ಸುಲಿನ್ ಕೊಬ್ಬಿನ ವಿಘಟನೆಗೆ ಕಡಿವಾಣ ಹಾಕುತ್ತದೆ, ರಕ್ತದಲ್ಲಿನ ಕ್ಷಾರವು ಕೀಟೋನಿನ ಆಮ್ಲವನ್ನು ಸರಿದೂಗಿಸುತ್ತದೆ. ಮಕ್ಕಳ ಅಪಸ್ಮಾರಕ್ಕೆ ಈ ಆಹಾರವನ್ನು 1921ರಿಂದಲೂ ಚಿಕಿತ್ಸೆಯಾಗಿ ಕೊಡುತ್ತಿದ್ದಾರೆ. ಅಲ್ಲಿ 3ಕ್ಕಿಂತ ಮೇಲೆ ಒಯ್ಯುವುದೂ ಉಂಟು, ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವುದು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಬಗೆಯ ಔಷಧಗಳು ಗ್ಲೂಕೋಸನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತವೆ. ರಕ್ತದ ಸಕ್ಕರೆ ಇಳಿದಾಗ ಇನ್ಸುಲಿನ್ ಇಳಿಯುತ್ತದೆ, ಅದಕ್ಕೆ ವಿರುದ್ಧವಾಗಿ ಕೆಲಸ ಮಾಡುವ ಗ್ಲುಕಗಾನ್ ಹಾರ್ಮೋನ್ ಏರುತ್ತದೆ, ಪಿತ್ತಜನಕಾಂಗ ಕೀಟೋನ್ ತಯಾರಿಕೆಗೆ ತಿರುಗುತ್ತದೆ. ಅದರ ಮೇಲೆ ಪಿಷ್ಟವನ್ನೂ ಬಿಟ್ಟರೆ, ವಾಂತಿಯಿಂದ ನೀರೂ ಕಳೆದುಹೋದರೆ, ಕಡಿವಾಣ ಕಳಚುತ್ತದೆ. ಹೆಚ್ಚಿನ ಗ್ಲೂಕೋಸ್ ಎಂಬ ಎಚ್ಚರಿಕೆಯ ಗುರುತು ಅಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಮಾತ್ರೆ ಅದನ್ನು ಹೊರಗೆ ಕಳುಹಿಸಿಬಿಟ್ಟಿರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿಯೇ ಈ ಔಷಧಗಳ ಬಗ್ಗೆ ಕೀಟೋಆಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯಕಾರಿ ಸ್ಥಿತಿ) ಎಚ್ಚರಿಕೆ ಹೊರಡಿಸಿತ್ತು.

ಸರಳ ದಾರಿ

ಇದನ್ನು ಓದಿದ ಮೇಲೆ ನನ್ನ ಮೊದಲಿನ ಮಾತಿಗೆ ಒಂದು ಗೆರೆ ಸೇರಿಸುತ್ತೇನೆ. ಮಾತ್ರೆಯಿಲ್ಲದ, ಮಧುಮೇಹವಿಲ್ಲದವರಿಗೆ ಕೀಟೋನ್ ಪಟ್ಟಿ ಬೇಕಿಲ್ಲ ಎಂಬುದನ್ನು ಈಗಲೂ ಹೇಳುತ್ತೇನೆ. ಈ ಮಾತ್ರೆ ತೆಗೆದುಕೊಳ್ಳುವವರು, ಇನ್ಸುಲಿನ್ ಹಾಕಿಕೊಳ್ಳುವವರು ಮಾತ್ರ ಮನೆಯಲ್ಲಿ ಇಟ್ಟುಕೊಂಡಿರಲೇಬೇಕು. ದುಬಾರಿಯಾದರೂ ಸರಿ.

ಅಣ್ಣನ ತಮ್ಮ

ಎಲ್ಲರಿಗೂ ಕೃತಜ್ಞತೆಗಳು. ರಾತ್ರಿಪಾಳಿ ಮೇಡಂ, ನೀವು ಹೇಳಿದ ಮೂರು ಮಾತುಗಳನ್ನು ಬಾಗಿಲಲ್ಲೇ ಹೇಳಿದೆ. ರಕ್ತ ಆಮ್ಲೀಯವಾಗಿತ್ತು. ಒಂದು ಕಡೆ ಇನ್ಸುಲಿನ್, ಇನ್ನೊಂದು ಕಡೆ ಗ್ಲೂಕೋಸ್ ಇರುವ ಡ್ರಿಪ್, ಎರಡನ್ನೂ ಒಟ್ಟಿಗೆ ಕೊಟ್ಟರು. ಸಕ್ಕರೆ ಕಾಯಿಲೆಯವನಿಗೆ ಗ್ಲೂಕೋಸ್ ಯಾಕೆ ಎಂದು ಕೇಳಿದ್ದಕ್ಕೆ, ಕೀಟೋನ್ ನಿಲ್ಲಿಸಲು ಇನ್ಸುಲಿನ್ ಬೇಕು, ಇನ್ಸುಲಿನ್ ಕೊಟ್ಟಾಗ ಸಕ್ಕರೆ ಕುಸಿಯದಿರಲು ಗ್ಲೂಕೋಸ್ ಬೇಕು ಎಂದು ವಿವರಿಸಿದರು. ಆ ಮಾತ್ರೆ ನಿಲ್ಲಿಸಿದ್ದಾರೆ. ಅಣ್ಣ ಈಗ ಎದ್ದು ಕೂತು ಮಾತನಾಡುತ್ತಿದ್ದಾನೆ. ಪಥ್ಯ ಶುರು ಮಾಡುವ ಮೊದಲು ವೈದ್ಯರಿಗೆ ಹೇಳಬೇಕು ಎಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ರಾತ್ರಿಪಾಳಿ

ಓದಿ ಸಮಾಧಾನವಾಯಿತು. ಆ ಮಾತ್ರೆಯ ಪರಿಣಾಮ ನಿಲ್ಲಿಸಿದ ಮೇಲೂ ಕೆಲವು ದಿನ ಉಳಿಯಬಹುದು. ಆದ್ದರಿಂದ ಮನೆಗೆ ಬಂದ ಮೇಲೂ ವೈದ್ಯರು ಹೇಳಿದಷ್ಟು ದಿನ ಕೀಟೋನ್ ನೋಡುತ್ತಿರಿ.

ನಿಮ್ಮ ಕೊನೆಯ ಸಾಲಿಗಾಗಿ ಉಳಿದವರಿಗೂ ಬರೆಯುತ್ತೇನೆ. ಇನ್ಸುಲಿನ್ ಹಾಕಿಕೊಳ್ಳುವವರು ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಬಗೆಯ ಮಾತ್ರೆ ನುಂಗುವವರು ಊಟದಲ್ಲಿ ಪಿಷ್ಟ ಇಳಿಸಿ ಔಷಧವನ್ನು ಹಾಗೆಯೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಇದು ಮೊದಲ ದಿನವೇ ಆಗಬಹುದು. ಔಷಧದ ಪ್ರಮಾಣವನ್ನು ವೈದ್ಯರೊಂದಿಗೆ ಮೊದಲು ಹೊಂದಿಸಿಕೊಂಡು ಆಮೇಲೆ ಪಥ್ಯ. ಗ್ಲೂಕೋಸ್ 70ಕ್ಕಿಂತ ಕೆಳಗಿಳಿದರೆ ಪಥ್ಯವನ್ನು ಮರೆತು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿನ್ನಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ತಿನ್ನಿ. 54ಕ್ಕಿಂತ ಕೆಳಗೆ ಹೋದರೆ ಮನೆಯವರೊಬ್ಬರು ಪಕ್ಕದಲ್ಲಿರಲಿ. ರಕ್ತದೊತ್ತಡದ ಮಾತ್ರೆಯವರು ಒತ್ತಡವನ್ನೂ ನೋಡುತ್ತಿರಬೇಕು. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಹೆಚ್ಚು ಉಪ್ಪನ್ನು ಹೊರಗೆ ಬಿಡುತ್ತದೆ, ನಿಂತಾಗ ತಲೆ ತಿರುಗುವುದು ಅದರಿಂದಲೇ.

ಬಸುರಿಯರಿಗೂ ಹಾಲೂಡಿಸುವ ತಾಯಂದಿರಿಗೂ ಈ ಕಟ್ಟುನಿಟ್ಟಿನ ಪಥ್ಯ ಬೇಡ. ಹಾಲೂಡಿಸುವಾಗ ಪಿಷ್ಟ ಬಿಟ್ಟು, ಮಧುಮೇಹವೇ ಇಲ್ಲದೆ ಕೀಟೋಆಸಿಡೋಸಿಸ್‌ಗೆ ಜಾರಿದವರ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ.

ಮಧುಮೇಹ ಇರುವವರಿಗೆ ಜ್ವರ, ಭೇದಿ ಬಂದ ದಿನದ ಅಳತೆ ಬೇರೆ. ಕೀಟೋನ್ 0.6ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 0.6ರಿಂದ 1.5 ಇದ್ದರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ವೈದ್ಯರಿಗೆ ಕರೆ ಮಾಡಿ. 3 ಮುಟ್ಟಿದರೆ ತುರ್ತು ಚಿಕಿತ್ಸೆ. ಪಥ್ಯದಲ್ಲಿರುವವರಿಗೆ 0.6ರಿಂದ 1.5 ದಿನನಿತ್ಯದ ಅಂಕಿಯೂ ಆಗಿರಬಹುದು. ಆದ್ದರಿಂದಲೇ ಆರೋಗ್ಯವಾಗಿರುವ ದಿನಗಳ ನಿಮ್ಮ ಅಂಕಿ ಎಷ್ಟೆಂದು ಬರೆದಿಟ್ಟಿರಬೇಕು. ಹುಷಾರಿಲ್ಲದ ದಿನ ಹೋಲಿಸಿ ನೋಡಲು ಬೇರೇನೂ ಇರುವುದಿಲ್ಲ. ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರು ಕಂಡರೆ ಅಂಕಿ ಎಷ್ಟೇ ಇರಲಿ, ಹೊರಡಿ.

ಹೊಸಹೆಜ್ಜೆ

ಈಗ ನನ್ನದನ್ನು ಸರಳ ಮಾಡಿಕೊಂಡಿದ್ದೇನೆ. ಕೀಟೋನ್ ವಾರಕ್ಕೊಮ್ಮೆ, ಸಂಜೆ ಊಟಕ್ಕೆ ಮೊದಲು. ಹೊಸ ಪದಾರ್ಥ ತಿಂದ ದಿನ ಮಾತ್ರ ಊಟದ ಹಿಂದೆ ಮುಂದೆ ಗ್ಲೂಕೋಸ್. ಬೆಳಗಿನ ಚುಚ್ಚು ಬಿಟ್ಟೆ. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಹಾಕಿಸಿಕೊಂಡರೆ ಹೆಚ್ಚು ತಿಳಿಯುತ್ತದೆಯೇ?

ಲೆಕ್ಕದ ಪುಸ್ತಕ

ಒಂದೆರಡು ವಾರಕ್ಕೆ ಹಾಕಿಸಿಕೊಂಡರೆ ಊಟದ ಏರಿಳಿತದ ಪೂರ್ತಿ ರೇಖೆ ಕಾಣುತ್ತದೆ, ಅದು ಉಪಯುಕ್ತ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಆದ್ದರಿಂದ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಆ ತೋಳಿನ ಮೇಲೆ ಮಲಗಿದರೆ ನಡುರಾತ್ರಿ ಸುಳ್ಳು ಕುಸಿತ ತೋರಿಸುತ್ತದೆ. ಅನುಮಾನ ಬಂದಾಗ ಬೆರಳನ್ನೇ ಚುಚ್ಚಿ ನೋಡಿ.

ಅಣ್ಣನ ತಮ್ಮ

ಕೊನೆಯದಾಗಿ ಒಂದು ಪ್ರಶ್ನೆ. ಅಮ್ಮನಿಗೂ ಸಕ್ಕರೆ ಇದೆ. ಅಣ್ಣನ ಮೀಟರ್, ಚುಚ್ಚುವ ಪೆನ್ನು ಎರಡನ್ನೂ ಅವರಿಗೂ ಬಳಸಬಹುದೇ? ಸೂಜಿ ಮಾತ್ರ ಬದಲಾಯಿಸಿದರೆ ಸಾಕೇ? ಅರ್ಧ ಖಾಲಿಯಾದ ಹಳೆಯ ಪಟ್ಟಿಯ ಡಬ್ಬಿಯೂ ಒಂದಿದೆ.

ರಾತ್ರಿಪಾಳಿ

ಚುಚ್ಚುವ ಪೆನ್ನನ್ನು ಮನೆಯವರ ನಡುವೆಯೂ ಹಂಚಿಕೊಳ್ಳಬಾರದು, ಸೂಜಿ ಬದಲಾಯಿಸಿದರೂ ಸಹ. ಪೆನ್ನಿನ ತುದಿಗೆ ಅಂಟಿದ, ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಲ್ಲದು. ಅಮ್ಮನಿಗೆ ಬೇರೆ ಪೆನ್ನು, ಸಾಧ್ಯವಾದರೆ ಬೇರೆ ಮೀಟರ್. ಆಗ ಯಂತ್ರದೊಳಗಿನ ಹಳೆಯ ಅಂಕಿಗಳೂ ಕಲಸಿಹೋಗುವುದಿಲ್ಲ. ಬಳಸಿದ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ, ಕಸ ಎತ್ತುವವರ ಕೈಗೆ ಚುಚ್ಚದಿರಲಿ.

ಹಳೆಯ ಪಟ್ಟಿಗಳ ಮೇಲಿನ ದಿನಾಂಕ ನೋಡಿ. ಮುಗಿದಿದ್ದರೆ ಬಿಸಾಡಿ. ಮುಗಿಯದಿದ್ದರೂ ಡಬ್ಬಿ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ಲೇಬಲಿನಲ್ಲಿ ಬರೆದಿರುತ್ತದೆ. ಮುಚ್ಚಳ ಸಡಿಲವಾಗಿದ್ದರೆ ತೇವ ಸೇರಿರುತ್ತದೆ, ಅಂಥ ಪಟ್ಟಿಯ ಅಂಕಿ ನೋಡಿ ಅಮ್ಮನ ಮಾತ್ರೆ ಬದಲಾಯಿಸುವುದು ಬೇಡ.